ಒಂದು ಸಾಲಿನ ಕೋಡ್ ಕಿತ್ತ ಕಥೆ

2000ನೇ ಇಸವಿಯ ಜೂನ್ ತಿಂಗಳು. ಮಗನ ನಡವಳಿಕೆ ಕಂಡು ಅನುಮಾನಗೊಂಡ ಒಬ್ಬ ತಾಯಿಯೋ, ಗೆಳೆಯರ ಒತ್ತಾಯಕ್ಕೆ ಸಿಕ್ಕಿದ ಒಬ್ಬ ಹುಡುಗನೋ ಅಮೆರಿಕದಲ್ಲಿ ಕುಳಿತು ಹುಡುಕುತಾಣದಲ್ಲಿ ಮಾದಕವಸ್ತುವಿಗೆ ಸಂಬಂಧಿಸಿದ ಪದವೊಂದನ್ನು ಟೈಪ್ ಮಾಡಿದರೆ, ಉತ್ತರಗಳ ಜೊತೆ ಒಂದು ಜಾಹೀರಾತೂ ಕಾಣಿಸುತ್ತಿತ್ತು. ಅದನ್ನು ಒತ್ತಿದರೆ ‘ಫ್ರೀವೈಬ್’ ಎಂಬ ಜಾಲತಾಣ ತೆರೆಯುತ್ತಿತ್ತು. ಮಕ್ಕಳನ್ನು ಮಾದಕವಸ್ತುವಿನಿಂದ ದೂರವಿಡಲು ಶ್ವೇತಭವನದ ಮಾದಕವಸ್ತು ನಿಯಂತ್ರಣ ನೀತಿ ಕಚೇರಿಯೇ ನಡೆಸುತ್ತಿದ್ದ ತಾಣ ಅದು. ಉದ್ದೇಶ ಒಳ್ಳೆಯದೇ. ಆದರೆ ಜಾಹೀರಾತನ್ನು ಒತ್ತಿದವರ ಕಂಪ್ಯೂಟರಿನಲ್ಲಿ ಡಬಲ್‌ಕ್ಲಿಕ್ ಎಂಬ ಜಾಹೀರಾತು ಕಂಪನಿಯ ಒಂದು ಕುಕಿ, ಅಂದರೆ ಗುರುತಿನ ಸಂಖ್ಯೆ ಇರುವ ಪುಟ್ಟ ಕಡತ, ಸದ್ದಿಲ್ಲದೆ ಬಂದು ಕೂರುತ್ತಿತ್ತು.

ಸ್ಕ್ರಿಪ್ಸ್ ಹೊವರ್ಡ್ ಸುದ್ದಿಸಂಸ್ಥೆ ಇದನ್ನು ಬಯಲಿಗೆಳೆಯಿತು. ಯಾವ ಜಾಹೀರಾತು ಹೆಚ್ಚು ಜನರನ್ನು ತರುತ್ತಿದೆ ಎಂದು ತಿಳಿಯುವುದಕ್ಕಷ್ಟೇ ಇದನ್ನು ಬಳಸಿದ್ದು ಎಂಬ ಸಮಜಾಯಿಷಿ ಬಂತು. ಆ ಸಮಜಾಯಿಷಿ ಸುಳ್ಳೆನ್ನಲು ಕಾರಣವಿಲ್ಲ. ಆದರೆ ಅದೇ ಡಬಲ್‌ಕ್ಲಿಕ್ 1999ರಲ್ಲಿ ಅಬಾಕಸ್ ಡೈರೆಕ್ಟ್ ಎಂಬ ಕಂಪನಿಯನ್ನು ಕೊಂಡಿತ್ತು. ಅಂಚೆಯ ಮೂಲಕ ಸಾಮಾನು ತರಿಸಿಕೊಳ್ಳುವ ಕೋಟ್ಯಂತರ ಅಮೆರಿಕನ್ನರ ಹೆಸರು, ವಿಳಾಸ, ಖರೀದಿಯ ವಿವರ ಅಬಾಕಸ್ ಬಳಿ ಇತ್ತು. ಎರಡನ್ನೂ ಜೋಡಿಸುವ ಯೋಜನೆ ಹೊರಬಿದ್ದಾಗ ದೊಡ್ಡ ಗಲಾಟೆಯಾಗಿ, 2000ದ ಮಾರ್ಚಿನಲ್ಲಿ ಕಂಪನಿ ಅದನ್ನು ಕೈಬಿಟ್ಟಿತ್ತು. ಇವತ್ತು ಬರೀ ಸಂಖ್ಯೆಯಾಗಿರುವುದು ನಾಳೆ ಮನೆ ವಿಳಾಸವಾಗಬಹುದು ಎಂಬ ಭಯ ಜನರಿಗೆ ಇನ್ನೂ ಹಸಿಯಾಗಿತ್ತು.

ಶ್ವೇತಭವನ ಕುಕಿಯನ್ನು ತೆಗೆಸಿತು. ಜೂನ್ 22ರಂದು ಆಡಳಿತ ಮತ್ತು ಬಜೆಟ್ ಕಚೇರಿಯ ನಿರ್ದೇಶಕ ಜೇಕಬ್ ಲೂ ಎಲ್ಲ ಇಲಾಖೆಗಳಿಗೆ ಒಂದು ಸುತ್ತೋಲೆ ಕಳಿಸಿದರು. ಕೇಂದ್ರ ಸರ್ಕಾರದ ಜಾಲತಾಣಗಳಲ್ಲಿ ಕುಕಿ ಬೇಡ ಎಂಬುದೇ ಇನ್ನು ಮೂಲ ನಿಯಮ. ಬೇಕೇ ಬೇಕೆಂದರೆ ಬಲವಾದ ಕಾರಣ ಇರಬೇಕು, ಜನರಿಗೆ ಸ್ಪಷ್ಟವಾಗಿ ತಿಳಿಸಿರಬೇಕು, ಮಾಹಿತಿ ಕಾಪಾಡುವ ಬಗೆಯನ್ನು ಬಹಿರಂಗಪಡಿಸಿರಬೇಕು, ಇಲಾಖೆಯ ಮುಖ್ಯಸ್ಥರೇ ಖುದ್ದಾಗಿ ಒಪ್ಪಿಗೆ ಕೊಟ್ಟಿರಬೇಕು.

ಈ ಕೊನೆಯ ಷರತ್ತು ಮುಖ್ಯವಾದದ್ದು. ಜಾಲತಾಣದೊಳಕ್ಕೆ ಹಿಂಬಾಲಿಸುವ ಕೋಡ್ ಬರುವುದು ಒಬ್ಬ ತಂತ್ರಜ್ಞ ಅಂಟಿಸಿದ ನಾಲ್ಕು ಸಾಲಿನಿಂದ. ಯಾರೂ ಅದಕ್ಕೆ ಸಭೆ ಕರೆಯುವುದಿಲ್ಲ, ಕಡತ ಮಂಡಿಸುವುದಿಲ್ಲ. ತೆಗೆಯುವಾಗ ಮಾತ್ರ ಸುತ್ತೋಲೆ, ಪತ್ರಕರ್ತರು, ನ್ಯಾಯಾಲಯ, ದಂಡ ಎಲ್ಲವೂ ಬೇಕಾಗುತ್ತದೆ. ಕಳೆದ ಕಾಲು ಶತಮಾನದಲ್ಲಿ ಈ ಕೋಡನ್ನು ಕಿತ್ತುಹಾಕಿದ ಪ್ರಸಂಗಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಬಹುತೇಕ ಕಡೆ ಅದನ್ನು ಇಡಬೇಕೆಂದು ಯಾರೂ ನಿಜವಾಗಿ ಯೋಚಿಸಿ ತೀರ್ಮಾನಿಸಿರಲಿಲ್ಲ ಎಂಬುದು ಎದ್ದು ಕಾಣುತ್ತದೆ.

ಮೊದಲಿಗೆ ಇದ್ದದ್ದು ಎಣಿಕೆಯಷ್ಟೇ. ಯಾರಾದರೂ ಪುಟವೊಂದನ್ನು ಕೇಳಿದಾಗ ಸರ್ವರ್ ತನ್ನ ದಿನಚರಿಯಲ್ಲಿ ಒಂದು ಸಾಲು ಬರೆದಿಡುತ್ತದೆ: ಯಾವ ಐಪಿ ವಿಳಾಸದಿಂದ, ಎಷ್ಟು ಹೊತ್ತಿಗೆ, ಯಾವ ಪುಟ. 1990ರ ದಶಕದಲ್ಲಿ ಜಾಲತಾಣ ನಡೆಸುವವರು ಈ ಲಾಗ್ ಕಡತವನ್ನೇ ಓದಿ ಲೆಕ್ಕ ಹಾಕುತ್ತಿದ್ದರು. ಪುಟದ ಅಡಿಯಲ್ಲಿ ಕಾರಿನ ಮೀಟರಿನಂತೆ ಉರುಳುವ ಸಂದರ್ಶಕರ ಸಂಖ್ಯೆಯೂ ಆ ಕಾಲದ್ದೇ. ಭಾರತದ ಅನೇಕ ಸರ್ಕಾರಿ ತಾಣಗಳಲ್ಲಿ ಅಂಥದ್ದು ಈಗಲೂ ಕಾಣಸಿಗುತ್ತದೆ. ದೇವಸ್ಥಾನದ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಎಣಿಸಿದರೆ ಒಳಗೆ ಎಷ್ಟು ಜನ ಇದ್ದಾರೆಂದು ಗೊತ್ತಾಗುತ್ತದೆ. ಯಾರು ಯಾವ ಹರಕೆ ಹೊತ್ತು ಬಂದಿದ್ದಾರೆ, ಇಲ್ಲಿಂದ ಎಲ್ಲಿಗೆ ಹೋಗುತ್ತಾರೆ ಎಂಬುದು ಗೊತ್ತಾಗುವುದಿಲ್ಲ. ಲಾಗ್ ಕಡತ ಇಟ್ಟ ಲೆಕ್ಕ ಹೆಚ್ಚುಕಡಿಮೆ ಅಂಥದ್ದು, ಮತ್ತು ಆ ಲೆಕ್ಕ ತಾಣದ ಮಾಲೀಕನ ಬಳಿಯೇ ಉಳಿಯುತ್ತಿತ್ತು.

ಕುಕಿಯನ್ನು ರೂಪಿಸಿದ್ದು 1994ರಲ್ಲಿ, ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ. ಅವರ ಮುಂದಿದ್ದ ಸಮಸ್ಯೆ ಅಂಗಡಿಯದು. ಒಂದು ಪುಟದಿಂದ ಇನ್ನೊಂದಕ್ಕೆ ಹೋದೊಡನೆ ಸರ್ವರ್ ಗಿರಾಕಿಯನ್ನು ಮರೆತುಬಿಡುತ್ತಿತ್ತು. ಬುಟ್ಟಿಗೆ ಹಾಕಿದ ಸಾಮಾನು ನೆನಪಿಡಲು ದಾರಿಯಿರಲಿಲ್ಲ. ಗಿರಾಕಿಯ ಬ್ರೌಸರಿನಲ್ಲೇ ಒಂದು ಚೀಟಿ ಇಟ್ಟುಬಿಟ್ಟರೆ, ಮುಂದಿನ ಸಲ ಅವನೇ ಅದನ್ನು ತೋರಿಸುತ್ತಾನೆ. ಚೀಟಿಯನ್ನು ಕೊಟ್ಟ ತಾಣಕ್ಕೆ ಮಾತ್ರ ಅದನ್ನು ಓದಲು ಸಾಧ್ಯ ಎಂಬ ಕಟ್ಟುಪಾಡೂ ಇತ್ತು.

ಆ ಕಟ್ಟುಪಾಡನ್ನು ಮುರಿಯದೆಯೇ ಅದರ ಸುತ್ತ ಹಾದಿ ಮಾಡಿಕೊಂಡವರು ಜಾಹೀರಾತಿನವರು. ಒಂದು ಪುಟದಲ್ಲಿರುವ ಚಿತ್ರಗಳೆಲ್ಲ ಅದೇ ಸರ್ವರಿನಿಂದ ಬರಬೇಕೆಂದಿಲ್ಲ. ಸುದ್ದಿತಾಣದ ಪುಟದಲ್ಲಿ ಜಾಹೀರಾತು ಕಂಪನಿಯ ಚಿತ್ರವಿದ್ದರೆ, ಅದನ್ನು ತರಲು ಬ್ರೌಸರ್ ಆ ಕಂಪನಿಯ ಸರ್ವರಿಗೂ ಹೋಗುತ್ತದೆ. ಹೋದಾಗ ಯಾವ ಪುಟದಿಂದ ಬಂದೆನೆಂದು ಹೇಳುತ್ತದೆ, ಹಳೆಯ ಚೀಟಿ ಇದ್ದರೆ ತೋರಿಸುತ್ತದೆ. ಅದೇ ಕಂಪನಿಯ ಚಿತ್ರ ಔಷಧದ ತಾಣದಲ್ಲೂ, ರೈಲು ಟಿಕೆಟಿನ ತಾಣದಲ್ಲೂ, ಮದುವೆ ಸಂಬಂಧ ಹುಡುಕುವ ತಾಣದಲ್ಲೂ ಇದ್ದರೆ, ಒಬ್ಬರೇ ಮನುಷ್ಯ ಅಲ್ಲೆಲ್ಲ ಓಡಾಡಿದ್ದು ಒಂದೇ ಸಂಖ್ಯೆಯಡಿ ಜಮೆಯಾಗುತ್ತದೆ. ಚಿತ್ರ ಕಣ್ಣಿಗೆ ಕಾಣಬೇಕೆಂದೂ ಇಲ್ಲ. ಒಂದೇ ಪಿಕ್ಸೆಲ್ಲಿನ, ಬಣ್ಣವಿಲ್ಲದ ಜಿಫ್ ಸಾಕು. ‘ಪಿಕ್ಸೆಲ್’ ಎಂಬ ಪದ ಈ ವ್ಯಾಪಾರದಲ್ಲಿ ಉಳಿದುಕೊಂಡದ್ದು ಹೀಗೆ.

ಅಪಾಯ ಯಾರಿಗೂ ಹೊಳೆದಿರಲಿಲ್ಲವೆಂದಲ್ಲ. 1997ರ ಫೆಬ್ರವರಿಯಲ್ಲಿ ಹೊರಬಂದ ಕುಕಿಯ ಮೊದಲ ತಾಂತ್ರಿಕ ಮಾನದಂಡವೇ, ಹೊರಗಿನವರ ಕುಕಿಗಳಿಗೆ ಬ್ರೌಸರುಗಳು ತಾವಾಗಿ ಅವಕಾಶ ಕೊಡಬಾರದು ಎಂದಿತ್ತು. ಆಗಿನ ದೊಡ್ಡ ಬ್ರೌಸರುಗಳು ಅದನ್ನು ಪಾಲಿಸಲಿಲ್ಲ. ಹಾಗೆ ಹಾದಿ ತೆರೆದುಕೊಂಡಿತು.

ನಂತರ ಬಂದದ್ದು ಬಿಟ್ಟಿ ಕೊಡುಗೆ. ಸ್ಯಾನ್ ಡಿಯಾಗೋದ ಅರ್ಚಿನ್ ಎಂಬ ಕಂಪನಿ ಸಂದರ್ಶಕರ ಲೆಕ್ಕ ಹಾಕುವ ತಂತ್ರಾಂಶವನ್ನು ದುಡ್ಡಿಗೆ ಮಾರುತ್ತಿತ್ತು. 2005ರಲ್ಲಿ ಗೂಗಲ್ ಅದನ್ನು ಕೊಂಡು, ಆ ವರ್ಷದ ನವೆಂಬರಿನಲ್ಲಿ ‘ಗೂಗಲ್ ಅನಲಿಟಿಕ್ಸ್’ ಎಂಬ ಹೆಸರಿನಲ್ಲಿ ಉಚಿತವಾಗಿ ಬಿಟ್ಟಿತು. ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎಂಬಂತೆ ಜನ ಮುಗಿಬಿದ್ದು, ಒಂದು ವಾರದೊಳಗೆ ಹೊಸ ನೋಂದಣಿಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಲಾಗ್ ಕಡತದ ಕಾಲಕ್ಕೂ ಇದಕ್ಕೂ ಇದ್ದ ವ್ಯತ್ಯಾಸವನ್ನು ಗಮನಿಸಿದವರು ಕಡಿಮೆ. ಈಗ ಲೆಕ್ಕ ಮೊದಲು ಬೀಳುವುದು ಗೂಗಲ್ಲಿನ ಸರ್ವರಿನಲ್ಲಿ. ಮಾಲೀಕನಿಗೆ ಸಿಗುವುದು ಅದರ ಅಂದದ ನಕ್ಷೆ. 2010ರಲ್ಲಿ ಫೇಸ್‌ಬುಕ್ಕಿನ ‘ಲೈಕ್’ ಗುಂಡಿಯೂ ಹೊರಗಿನ ತಾಣಗಳಿಗೆ ಬಂತು. ಗುಂಡಿಯನ್ನು ಒತ್ತದಿದ್ದರೂ, ಅದು ಪುಟದಲ್ಲಿ ಕಾಣಿಸಿಕೊಂಡರೆ ಸಾಕು, ಓದುಗ ಅಲ್ಲಿದ್ದ ಸುದ್ದಿ ಫೇಸ್‌ಬುಕ್ಕಿಗೆ ಮುಟ್ಟುತ್ತಿತ್ತು.

ಇತ್ತ ಅಮೆರಿಕದ ಸುತ್ತೋಲೆಯ ಗತಿ ಏನಾಯಿತು? 2005ರ ಡಿಸೆಂಬರ್ ಕೊನೆಯಲ್ಲಿ ಅಸೋಸಿಯೇಟೆಡ್ ಪ್ರೆಸ್ ಒಂದು ಸುದ್ದಿ ಪ್ರಕಟಿಸಿತು. ರಾಷ್ಟ್ರೀಯ ಭದ್ರತಾ ಸಂಸ್ಥೆಯ ಜಾಲತಾಣ, ಅಂದರೆ ಕದ್ದಾಲಿಸುವುದನ್ನೇ ಕಸುಬಾಗಿಸಿಕೊಂಡ ಸಂಸ್ಥೆಯ ತಾಣ, ಸಂದರ್ಶಕರ ಕಂಪ್ಯೂಟರುಗಳಲ್ಲಿ 2035ರವರೆಗೆ ಬಾಳುವ ಕುಕಿಗಳನ್ನು ಇಡುತ್ತಿತ್ತು. ನ್ಯಾಯಾಲಯದ ವಾರಂಟ್ ಇಲ್ಲದೆ ಅದೇ ಸಂಸ್ಥೆ ಅಮೆರಿಕನ್ನರ ಮಾತು ಕೇಳಿಸಿಕೊಳ್ಳುತ್ತಿದೆ ಎಂದು ನ್ಯೂಯಾರ್ಕ್ ಟೈಮ್ಸ್ ಬರೆದದ್ದೂ ಅದೇ ತಿಂಗಳು. ಹೀಗಾಗಿ ಬೇರೆ ಕಾಲದಲ್ಲಿ ಮೂಲೆಗೆ ಬೀಳಬಹುದಾಗಿದ್ದ ಸುದ್ದಿ ಎಲ್ಲರ ಕಣ್ಣಿಗೆ ಬಿತ್ತು. ವಿಚಾರಿಸಿದಾಗ ಸಂಸ್ಥೆ ಕೊಟ್ಟ ವಿವರಣೆ ಸರಳವಾಗಿತ್ತು: ತಂತ್ರಾಂಶವನ್ನು ಇತ್ತೀಚೆಗೆ ಹೊಸದಾಗಿಸಿದಾಗ ಈ ಕುಕಿಗಳು ತಾವಾಗಿಯೇ ಚಾಲೂ ಆಗಿವೆ, ಈಗ ತೆಗೆದಿದ್ದೇವೆ. ಬೇಡ ಎಂದು ಆದೇಶವಾಗಿ ಐದು ವರ್ಷ ಕಳೆದಿತ್ತು. ಕಳೆಯಂತೆ ಇದು ಯಾರೂ ಬಿತ್ತದೆ ಮತ್ತೆ ಹುಟ್ಟಿತ್ತು. 2010ರಲ್ಲಿ ಸರ್ಕಾರ ಆ ಸುತ್ತೋಲೆಯನ್ನು ಹಿಂದಕ್ಕೆ ಪಡೆದು, ಷರತ್ತುಗಳೊಡನೆ ಇಂಥ ತಂತ್ರಗಳಿಗೆ ಅವಕಾಶ ಕೊಡುವ ಹೊಸ ನೀತಿ ತಂದಿತು.

ಆಮೇಲಿನ ಜಗ್ಗಾಟ ನಡೆದದ್ದು ಯುರೋಪಿನಲ್ಲಿ. 2011ರ ಆಗಸ್ಟಿನಲ್ಲಿ ಜರ್ಮನಿಯ ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದ ಮಾಹಿತಿ ರಕ್ಷಣಾ ಕಚೇರಿ, ಅಲ್ಲಿನ ಜಾಲತಾಣಗಳೆಲ್ಲ ಸೆಪ್ಟೆಂಬರ್ ಮುಗಿಯುವುದರೊಳಗೆ ಲೈಕ್ ಗುಂಡಿಯನ್ನು ತೆಗೆಯಬೇಕು, ಇಲ್ಲದಿದ್ದರೆ 50,000 ಯೂರೊವರೆಗೆ ದಂಡ ಬೀಳಬಹುದು ಎಂದಿತು. ಫೇಸ್‌ಬುಕ್ಕನ್ನು ಕೇಳುವ ಬದಲು ತಾಣದ ಮಾಲೀಕರನ್ನು ಕೇಳಿದ್ದು ಅನೇಕರಿಗೆ ಅನ್ಯಾಯವೆನಿಸಿತು. ಆದರೆ ಕೋಡ್ ಇದ್ದದ್ದು ಮಾಲೀಕರ ಪುಟದಲ್ಲಿ. ಹೈಸೆ ಎಂಬ ಜರ್ಮನ್ ಪ್ರಕಾಶನ ಸಂಸ್ಥೆ ನಡುದಾರಿಯೊಂದನ್ನು ಕಂಡುಹಿಡಿಯಿತು. ಪುಟದಲ್ಲಿ ಗುಂಡಿಯ ಬರೀ ಚಿತ್ರ ಇರುತ್ತದೆ. ಓದುಗ ಮೊದಲ ಸಲ ಒತ್ತಿದಾಗ ಮಾತ್ರ ನಿಜವಾದ ಗುಂಡಿ ಬರುತ್ತದೆ, ಎರಡನೆಯ ಸಲ ಒತ್ತಿದಾಗ ಲೈಕ್ ಆಗುತ್ತದೆ. ಬೇಕಾದವರಿಗೆ ಗುಂಡಿ ಸಿಕ್ಕಿತು, ಬೇಡದವರ ಹೆಜ್ಜೆ ಎಲ್ಲೂ ದಾಖಲಾಗಲಿಲ್ಲ.

ಹೊಣೆ ಯಾರದೆಂಬ ಪ್ರಶ್ನೆಗೆ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರ ಜುಲೈ 29ರಂದು ಉತ್ತರ ಕೊಟ್ಟಿತು. ಮೊಕದ್ದಮೆ ಫ್ಯಾಷನ್ ಐಡಿ ಎಂಬ ಜರ್ಮನಿಯ ಬಟ್ಟೆ ವ್ಯಾಪಾರಿ ತಾಣದ್ದು. ಲೈಕ್ ಗುಂಡಿಯನ್ನು ತನ್ನ ಪುಟದಲ್ಲಿ ಇಟ್ಟುಕೊಂಡವನು, ಆ ಗುಂಡಿ ಮಾಹಿತಿ ಸಂಗ್ರಹಿಸಿ ರವಾನಿಸುವ ಮಟ್ಟಿಗೆ ಫೇಸ್‌ಬುಕ್ಕಿನ ಜೊತೆ ಜಂಟಿ ಹೊಣೆಗಾರ ಎಂದಿತು ನ್ಯಾಯಾಲಯ. ‘ಕೋಡ್ ನಮ್ಮದಲ್ಲ, ಅವರದು’ ಎಂಬ ನೆಪ ಅಲ್ಲಿಗೆ ಮುಗಿಯಿತು.

ಇಷ್ಟಾದರೂ ಮಾಲೀಕರನ್ನು ಹಿಡಿದಿಟ್ಟದ್ದು ನಷ್ಟದ ಅಂಜಿಕೆ. ಕಿತ್ತರೆ ಏನು ಕಳೆದುಕೊಳ್ಳುತ್ತೇವೆ? ಇದಕ್ಕೆ ಕೆಲವು ಅನಿರೀಕ್ಷಿತ ಉತ್ತರಗಳು ಸಿಕ್ಕವು. 2018ರ ಮೇ 25ರಂದು ಯುರೋಪಿನ ಮಾಹಿತಿ ರಕ್ಷಣಾ ಕಾನೂನು ಜಿಡಿಪಿಆರ್ ಜಾರಿಗೆ ಬಂದಾಗ, ಅಮೆರಿಕದ ಯುಎಸ್‌ಎ ಟುಡೇ ಪತ್ರಿಕೆ ಯುರೋಪಿನ ಓದುಗರಿಗೆಂದು ಜಾಹೀರಾತು, ಹಿಂಬಾಲಿಸುವ ಕೋಡ್ ಎರಡನ್ನೂ ತೆಗೆದ ಪ್ರತ್ಯೇಕ ತಾಣ ಮಾಡಿತು. ಒಬ್ಬ ತಂತ್ರಜ್ಞರು ಕುತೂಹಲದಿಂದ ಅಳೆದು ನೋಡಿದಾಗ, 5.2 ಎಂಬಿ ಇದ್ದ ಪುಟ ಸುಮಾರು 500 ಕೆಬಿಗೆ ಇಳಿದಿತ್ತು. 124 ಜಾವಾಸ್ಕ್ರಿಪ್ಟ್ ಕಡತಗಳ ಜಾಗದಲ್ಲಿ ಒಂದೂ ಇರಲಿಲ್ಲ. 45 ಸೆಕೆಂಡು ಹಿಡಿಯುತ್ತಿದ್ದ ಪುಟ ಮೂರು ಸೆಕೆಂಡಿನಲ್ಲಿ ತೆರೆಯುತ್ತಿತ್ತು. ಓದಬೇಕಾದ ಸುದ್ದಿ ಅಷ್ಟೇ ಇತ್ತು. ಉಳಿದ ಭಾರವನ್ನು ಓದುಗರು ತಮ್ಮ ಮೊಬೈಲ್ ಡೇಟಾ ತೆತ್ತು ಹೊರುತ್ತಿದ್ದರು.

ನೆದರ್ಲೆಂಡ್ಸಿನ ಸಾರ್ವಜನಿಕ ಪ್ರಸಾರ ಸಂಸ್ಥೆಯ ಅನುಭವ ಹಣದ ಕುರಿತಾದದ್ದು. ಅದರ ಜಾಹೀರಾತು ಅಂಗವಾದ ಸ್ಟೆರ್, 2020ರ ಜನವರಿಯಿಂದ ವೀಕ್ಷಕರನ್ನು ಹಿಂಬಾಲಿಸುವ ಜಾಹೀರಾತನ್ನು ಪೂರ್ತಿ ಬಿಟ್ಟು, ಕಾರ್ಯಕ್ರಮ ಯಾವುದೋ ಅದಕ್ಕೆ ಹೊಂದುವ ಜಾಹೀರಾತು ತೋರಿಸತೊಡಗಿತು. ಆ ಜನವರಿ, ಫೆಬ್ರವರಿಯಲ್ಲಿ ಅದರ ಆನ್‌ಲೈನ್ ಜಾಹೀರಾತಿನ ಆದಾಯ ಹಿಂದಿನ ವರ್ಷದ ಅದೇ ತಿಂಗಳುಗಳಿಗಿಂತ ಶೇ 62 ಮತ್ತು ಶೇ 79ರಷ್ಟು ಹೆಚ್ಚಿತ್ತು. ನಡುವಿನ ದಲ್ಲಾಳಿಗಳಿಗೆ ಹೋಗುತ್ತಿದ್ದ ಪಾಲು ಉಳಿದದ್ದು ಇದಕ್ಕೊಂದು ಕಾರಣ. ಎಲ್ಲರಿಗೂ ಹೀಗೇ ಆಗುತ್ತದೆನ್ನಲಾಗದು. ಸರ್ಕಾರದ ಬೆಂಬಲವಿರುವ, ವೀಕ್ಷಕರ ವಿಶ್ವಾಸವಿರುವ ಸಂಸ್ಥೆ ಅದು. ಆದರೂ ಕಿತ್ತರೆ ದಿವಾಳಿಯೇ ಗತಿ ಎಂಬ ಮಾತು ಆ ಬಳಿಕ ಮೊದಲಿನಷ್ಟು ಗಟ್ಟಿಯಾಗಿ ಉಳಿಯಲಿಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ, ಪ್ರಪಂಚದ ಪ್ರೋಗ್ರಾಮರುಗಳು ತಮ್ಮ ಕೋಡ್ ಇಡುವ ಗಿಟ್‌ಹಬ್ ತನ್ನ ತಾಣದಿಂದ ಅನಗತ್ಯ ಕುಕಿಗಳನ್ನೆಲ್ಲ ತೆಗೆದಿರುವುದಾಗಿ ಪ್ರಕಟಿಸಿತು. ಪ್ರತಿ ಪುಟದಲ್ಲೂ ‘ಒಪ್ಪಿಗೆ ಕೊಡಿ’ ಎಂದು ಅಡ್ಡ ಬರುವ ಪಟ್ಟಿ ಬೇಡವೆನಿಸಿದ್ದೇ ಇದಕ್ಕೆ ಪ್ರೇರಣೆ. ಆ ಪಟ್ಟಿಯನ್ನು ಕಾನೂನು ಕೇಳುವುದು ಅನಗತ್ಯ ಕುಕಿ ಇದ್ದಾಗ ಮಾತ್ರ. ಲಾಗಿನ್ ನೆನಪಿಡುವಂಥ ಕೆಲಸದ ಕುಕಿಗೆ ಒಪ್ಪಿಗೆ ಬೇಕಿಲ್ಲ. ವರ್ಷಗಟ್ಟಲೆ ಜನ ಬೈದುಕೊಂಡು ಒತ್ತುತ್ತಿದ್ದ ಆ ಗುಂಡಿಯನ್ನು ಕಾನೂನಿನ ಕಾಟವೆಂದೇ ಬಹುಮಂದಿ ತಿಳಿದಿದ್ದರು. ಆದರೆ ಅದನ್ನು ತಂದಿಟ್ಟದ್ದು ತಾಣದವರದೇ ಆಯ್ಕೆ.

ಕಾನೂನು ಮಾಡಿದವರೂ ಇದರಿಂದ ಹೊರತಾಗಿರಲಿಲ್ಲ. ಕೋವಿಡ್ ಕಾಲದಲ್ಲಿ ಯುರೋಪಿಯನ್ ಸಂಸತ್ತು ತನ್ನ ಸದಸ್ಯರು, ನೌಕರರ ಪರೀಕ್ಷೆಗೆಂದು ಗುತ್ತಿಗೆದಾರರಿಂದ ಒಂದು ತಾಣ ಮಾಡಿಸಿತು. ಅದರಲ್ಲಿ ಗೂಗಲ್ ಅನಲಿಟಿಕ್ಸ್ ಇತ್ತು, ಸ್ಟ್ರೈಪ್ ಎಂಬ ಹಣಪಾವತಿ ಕಂಪನಿಯ ಕುಕಿಯೂ ಇತ್ತು. ಪರೀಕ್ಷೆಗೆ ಯಾರೂ ದುಡ್ಡು ಕೊಡಬೇಕಿರಲಿಲ್ಲ! ವಿಚಾರಿಸಿದಾಗ ತಿಳಿದದ್ದು, ಗುತ್ತಿಗೆದಾರರು ಬ್ರಸೆಲ್ಸ್ ವಿಮಾನ ನಿಲ್ದಾಣದ ಪರೀಕ್ಷಾ ಕೇಂದ್ರಕ್ಕಾಗಿ ಬರೆದಿದ್ದ ಕೋಡನ್ನೇ ನಕಲು ಮಾಡಿದ್ದರು ಎಂದು. ದೂರಿನ ನಂತರ ಕುಕಿಗಳನ್ನು ತೆಗೆದರು. 2022ರ ಜನವರಿಯಲ್ಲಿ ಒಕ್ಕೂಟದ ಮಾಹಿತಿ ರಕ್ಷಣಾ ಮೇಲ್ವಿಚಾರಕರು ಸಂಸತ್ತಿಗೆ ಛೀಮಾರಿ ಹಾಕಿದರು. ಅದೇ ತಿಂಗಳು ಆಸ್ಟ್ರಿಯದಿಂದ, ಮುಂದಿನ ತಿಂಗಳು ಫ್ರಾನ್ಸಿನಿಂದ, ಅನಲಿಟಿಕ್ಸ್ ಮೂಲಕ ಮಾಹಿತಿ ಅಮೆರಿಕಕ್ಕೆ ಹೋಗುವುದು ಕಾನೂನಿಗೆ ವಿರುದ್ಧವೆಂಬ ತೀರ್ಮಾನ ಹೊರಬಿತ್ತು. ಆಸ್ಟ್ರಿಯದ ಪ್ರಕರಣದಲ್ಲಿದ್ದದ್ದು ಒಂದು ಆರೋಗ್ಯ ಮಾಹಿತಿ ತಾಣ.

ಆರೋಗ್ಯದ ವಿಷಯ ಬಂದಾಗಲೇ ಈ ಕೋಡಿನ ನಿಜವಾದ ತೂಕ ಗೊತ್ತಾಗುವುದು. 2022ರ ಜೂನ್‌ನಲ್ಲಿ ದಿ ಮಾರ್ಕಪ್ ಎಂಬ ಅಮೆರಿಕದ ಸುದ್ದಿಸಂಸ್ಥೆ, ನ್ಯೂಸ್‌ವೀಕ್ ಪಟ್ಟಿಯ 100 ಪ್ರಮುಖ ಆಸ್ಪತ್ರೆಗಳ ತಾಣಗಳನ್ನು ತಪಾಸಣೆ ಮಾಡಿತು. 33 ತಾಣಗಳಲ್ಲಿ ಮೆಟಾ ಕಂಪನಿಯ ಪಿಕ್ಸೆಲ್ ಸಿಕ್ಕಿತು. ರೋಗಿ ವೈದ್ಯರ ಭೇಟಿಗೆ ಸಮಯ ಕಾದಿರಿಸುವ ಗುಂಡಿ ಒತ್ತಿದ ಕೂಡಲೇ ಫೇಸ್‌ಬುಕ್ಕಿಗೆ ಸುದ್ದಿ ಹೋಗುತ್ತಿತ್ತು. ಕೆಲವೆಡೆ ವೈದ್ಯರ ಹೆಸರು, ರೋಗಿ ಹುಡುಕಿದ ಕಾಯಿಲೆ, ಜೊತೆಗೆ ಐಪಿ ವಿಳಾಸ. ತಾಯಿಗೂ ಹೇಳದ ಕಾಯಿಲೆಯನ್ನು ಡಾಕ್ಟರಿಗೆ ಹೇಳಲು ಹೊರಟವರ ಮಾತು ದಾರಿಯಲ್ಲೇ ಮೂರನೆಯವರ ಕಿವಿಗೆ ಬೀಳುತ್ತಿತ್ತು. ಪತ್ರಕರ್ತರು ಪ್ರಶ್ನೆ ಕಳಿಸಿದ ಬಳಿಕ ಹಲವು ಆಸ್ಪತ್ರೆಗಳು ಪಿಕ್ಸೆಲ್ ತೆಗೆದವು. ಆ ಅಕ್ಟೋಬರಿನಲ್ಲಿ ಅಡ್ವೊಕೇಟ್ ಅರೋರಾ ಹೆಲ್ತ್ ಎಂಬ ಆಸ್ಪತ್ರೆ ಸಮೂಹ, 30 ಲಕ್ಷದವರೆಗಿನ ರೋಗಿಗಳ ಮಾಹಿತಿ ಹೀಗೆ ಹೊರಹೋಗಿರಬಹುದೆಂದು ತಿಳಿಸಿತು. ಅಲ್ಲೂ ಹೇಳಿದ ಕಾರಣ ಹಳೆಯದೇ: ಜನ ತಾಣವನ್ನು ಹೇಗೆ ಬಳಸುತ್ತಾರೆಂದು ತಿಳಿಯಲು.

ಕೀಳುವ ಕೆಲಸವೂ ಒಂದು ಸಾಲು ಅಳಿಸಿದರೆ ಮುಗಿಯುವಂಥದ್ದಲ್ಲ ಎಂಬುದನ್ನು ಈ ವರ್ಷಗಳು ಕಲಿಸಿವೆ. ಅನಲಿಟಿಕ್ಸ್ ತೆಗೆದರೂ ಪುಟದಲ್ಲಿ ಕೂರಿಸಿದ ವಿಡಿಯೊ, ನಕ್ಷೆ, ಹಂಚಿಕೊಳ್ಳುವ ಗುಂಡಿ ತಮ್ಮ ತಮ್ಮ ಸರ್ವರಿಗೆ ಸುದ್ದಿ ಕಳಿಸುತ್ತಲೇ ಇರುತ್ತವೆ. 2022ರ ಜನವರಿಯಲ್ಲಿ ಮ್ಯೂನಿಕ್ಕಿನ ನ್ಯಾಯಾಲಯ, ಗೂಗಲ್ಲಿನ ಸರ್ವರಿನಿಂದ ಅಕ್ಷರವಿನ್ಯಾಸ ತರಿಸುತ್ತಿದ್ದ ತಾಣವೊಂದು ಸಂದರ್ಶಕನ ಐಪಿ ವಿಳಾಸವನ್ನು ಒಪ್ಪಿಗೆಯಿಲ್ಲದೆ ದಾಟಿಸಿತೆಂದು 100 ಯೂರೊ ಪರಿಹಾರ ಕೊಡಿಸಿತು. ಆ ಅಕ್ಷರಗಳ ಕಡತವನ್ನು ಸ್ವಂತ ಸರ್ವರಿನಲ್ಲೇ ಇಟ್ಟುಕೊಂಡಿದ್ದರೆ ಮುಗಿಯುತ್ತಿತ್ತು. 2023ರ ಜುಲೈ 1ರಂದು ಗೂಗಲ್ ತನ್ನ ಹಳೆಯ ಅನಲಿಟಿಕ್ಸ್ ಅನ್ನು ತಾನೇ ನಿಲ್ಲಿಸಿತು. ಮಾಲೀಕರು ಹೊಸದಕ್ಕೆ ಬದಲಾಗಬೇಕಿತ್ತು, ಇಲ್ಲವೇ ಬಿಡಬೇಕಿತ್ತು. ಕುಕಿ ಇಲ್ಲದೆ ಬರೀ ಎಣಿಸುವ ತಂತ್ರಾಂಶಗಳತ್ತ ಕೆಲವರು ಹೊರಳಿದರು. ಕೆಲವರು ಲಾಗ್ ಕಡತಕ್ಕೇ ಮರಳಿದರು. ಎಣಿಸುವುದಕ್ಕೆ ಹಿಂಬಾಲಿಸಬೇಕಿಲ್ಲ ಎಂಬುದು 1995ರಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ, ನಡುವೆ ಮರೆತುಹೋಗಿತ್ತು.

ಭಾರತದಲ್ಲಿ ಈ ಕಥೆಯ ಕಾನೂನಿನ ಭಾಗ ಶುರುವಾಗುವುದು ಒಬ್ಬ ಕನ್ನಡಿಗರ ಹೆಸರಿನಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ತೀರ್ಪಿನ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಾರಿಕೆಗಳು ಜಾರಿಯಾಗಲು 18 ತಿಂಗಳ ಗಡುವಿದೆ. ಸರ್ಕಾರಿ ಸಂಸ್ಥೆಗಳಿಗೆ ವಿಶಾಲ ವಿನಾಯಿತಿ ಕೊಡಲು ಅವಕಾಶವಿಟ್ಟ ಈ ಕಾಯ್ದೆಯ ಬಗ್ಗೆ ಟೀಕೆಗಳಿವೆ.

ಆದರೆ ಅದರ ಒಂಬತ್ತನೆಯ ಸೆಕ್ಷನ್ ಒಂದು ವಿಷಯದಲ್ಲಿ ಸ್ಪಷ್ಟವಾಗಿದೆ. 18 ತುಂಬದ ಮಕ್ಕಳನ್ನು ಆನ್‌ಲೈನಿನಲ್ಲಿ ಹಿಂಬಾಲಿಸಬಾರದು, ಅವರ ವರ್ತನೆಯ ಮೇಲೆ ಕಣ್ಣಿಡಬಾರದು, ಅವರನ್ನೇ ಗುರಿಯಾಗಿಸಿದ ಜಾಹೀರಾತು ತೋರಿಸಬಾರದು. ವಿನಾಯಿತಿ ಬೇಕಾದರೆ ಸರ್ಕಾರ ಹೆಸರಿಸಿ ಕೊಡಬೇಕು. 2000ದ ಜೂನ್‌ನಲ್ಲಿ ಫ್ರೀವೈಬ್ ತಾಣಕ್ಕೆ ಬರುತ್ತಿದ್ದವರೂ ಅದೇ ವಯಸ್ಸಿನ ಮಕ್ಕಳು. ಶಾಲೆಯ ಫಲಿತಾಂಶದ ಪುಟ, ಟ್ಯೂಷನ್ನಿನ ತಾಣ, ಮಕ್ಕಳ ಕಥೆಗಳ ತಾಣ ನಡೆಸುವವರು ತಮ್ಮ ಪುಟದ ಕೋಡನ್ನು ಒಮ್ಮೆ ತೆರೆದು, ಇದನ್ನು ಇಲ್ಲಿ ಇಟ್ಟವರು ಯಾರು, ಇದರ ವರದಿಯನ್ನು ಕೊನೆಯ ಸಲ ಯಾರು ಓದಿದ್ದು ಎಂದು ಕೇಳಿಕೊಂಡರೆ ಹೆಚ್ಚಿನ ಕೆಲಸ ಅಲ್ಲೇ ಆಗುತ್ತದೆ. ಅದಕ್ಕೆ 18 ತಿಂಗಳು ಕಾಯಬೇಕಿಲ್ಲ.